ವಾಲ್ಮೊರೆ ಪಾಲಿನ ನಲವತ್ತು ಹೆಜ್ಜೆ ಗರಸು

ವಾಲ್ಮೊರೆ ಗೇಟಿನ ಮನೆ, ಬೆರಿ ಸೀಮೆ, ಫ್ರಾನ್ಸ್
ಇಸವಿ ೨೧೯೪, ಸುಡುತಿಂಗಳ ಐವತ್ತೆಂಟನೆಯ ತಾರೀಖು

ನಮಗಿಂತ ಮೊದಲು ಈ ದಾರಿಯಲ್ಲಿ ಸೈಕಲ್ ತುಳಿದವರಿಗೆ,

ತಾರೀಖು ನೋಡಿ ಬರೆದವನ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಜುಲೈ, ಆಗಸ್ಟ್ ಎರಡನ್ನೂ ಕೂಡಿಸಿ ನಮ್ಮ ಕಾಲದವರು ಒಂದೇ ತಿಂಗಳು ಮಾಡಿದ್ದಾರೆ. ಅರವತ್ತೆರಡು ದಿನದ ಆ ತಿಂಗಳಿಗೆ ಇಲ್ಲಿಯ ಕನ್ನಡದವರಾದ ನಾವು ಸುಡುತಿಂಗಳು ಎನ್ನುತ್ತೇವೆ. ಹೊತ್ತೇರಿದ ಮೇಲೆ ಯಾರೂ ಹೊರಗೆ ಬರುವಂತಿಲ್ಲ, ದಾರಿಗಳೆಲ್ಲ ಮುಚ್ಚಿರುತ್ತವೆ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ಪತ್ರ ಬರೆಯುವುದನ್ನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದುವಾಗ ಕಲಿಸಿದ್ದರು. ಆಗಲೇ ಅದು ಹಳೆಯ ಪುಸ್ತಕಗಳ ಭಾಷೆಯಾಗಿತ್ತು, ನಿಮಗೆ ಹಳಗನ್ನಡ ಇದ್ದ ಹಾಗೆ. 'ರೆಸ್ಪೆಕ್ಟೆಡ್ ಸರ್, ಐ ಆಮ್ ಕ್ವೈಟ್ ವೆಲ್ ಹಿಯರ್, ಹೋಪಿಂಗ್ ದಿ ಸೇಮ್ ಫ್ರಮ್ ಯು' ಎಂದು ಬಾಯಿಪಾಠ ಮಾಡಿಸಿದ್ದು ಇನ್ನೂ ನಾಲಿಗೆಯ ಮೇಲಿದೆ. ಬರೆಯಲು ಕುಳಿತಾಗ ನೋಡಿದರೆ ಅದರಲ್ಲಿ ಎರಡು ತೊಡಕು. ನಾನು ಇಲ್ಲಿ ಕ್ವೈಟ್ ವೆಲ್ ಇಲ್ಲ. ನೀವು ಹೇಗಿದ್ದೀರಿ ಎಂದು ಕೇಳೋಣವೆಂದರೆ ನೀವೆಲ್ಲ ತೀರಿಕೊಂಡು ನೂರು ವರ್ಷದ ಮೇಲಾಯಿತು. ಆದ್ದರಿಂದ ಕನ್ನಡದಲ್ಲೇ, ನನಗೆ ತೋಚಿದ ಹಾಗೆ ಬರೆಯುತ್ತೇನೆ.

ನಾನು ದಾರಿ ಕಾಯುವವನು. ಹೆಸರು ಯಮನೂರಪ್ಪ, ವಯಸ್ಸು ಅರವತ್ತೊಂಬತ್ತು. ವಾಲ್ಮೊರೆಯ ಹಳೆಯ ರೈಲ್ವೆ ಗೇಟಿನ ಮನೆಯಿಂದ ಹದಿಮೂರು ಕಮಾನಿನ ಸೇತುವೆಯವರೆಗೆ ಹನ್ನೊಂದು ಕಿಲೋಮೀಟರು, ಜಲ್ಲಿಪುಡಿ ಹಾಸಿದ ಗರಸಿನ ದಾರಿ ನಮ್ಮ ಪಾಲು. ನಮ್ಮ ಎಂದರೆ ನನ್ನದು ಮತ್ತು ನನ್ನ ಹೆಂಡತಿ ಹುಲಿಗೆವ್ವನದು. ಪಾಲನ್ನು ಒಬ್ಬರಿಗೆ ಕೊಡುವುದಿಲ್ಲ, ಜೋಡಿಗೆ ಕೊಡುತ್ತಾರೆ. ಗರಸು ಗಟ್ಟಿ ಮಾಡುವ ಉರುಳುಗಲ್ಲನ್ನು ಎಳೆಯಲು ಎರಡು ಹೆಗಲು ಬೇಕು. ಜೋಡಿಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಪಾಲು ಬಿಟ್ಟುಕೊಡಬೇಕು, ಬಿಟ್ಟುಕೊಡುವ ಮೊದಲು ಒಂದು ಹಿಂದೋಲೆ ಬರೆಯಬೇಕು. ಹಿಂದೋಲೆ ಎಂದರೆ ಈಗ ನಿಮ್ಮ ಕೈಯಲ್ಲಿರುವುದೇ, ದಾರಿ ಹಾಕಿ ಕೊಟ್ಟ ಹಿಂದಿನವರಿಗೆ ಕಳಿಸುವ ಓಲೆ. ಅದು ಕಾಲ ದಾಟಿ ಹೇಗೆ ಹಿಂದಕ್ಕೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ಕಾಲೇಜಿನಲ್ಲಿ ಅದನ್ನೂ ಹೇಳಿಕೊಟ್ಟಿದ್ದರು, ನಾನು ಕಿಟಕಿಯಾಚೆ ನೋಡುತ್ತಿದ್ದೆ. ಉತ್ತರವಂತೂ ಯಾರಿಗೂ ಬಂದಿಲ್ಲ. ಓಲೆ ಕಚೇರಿಗೆ ಮುಟ್ಟಿದ ದಿನವೇ ಪಾಲು ಬೇರೆಯವರದಾಗುತ್ತದೆ. ಹುಲಿಗೆವ್ವ ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲ. ಕೇಳಿದವರಿಗೆ ಪದ ಸಿಗುತ್ತಿಲ್ಲ ಎನ್ನುತ್ತಿದ್ದೆ. ಪದ ಸಿಗದ್ದಕ್ಕಲ್ಲ. ಬರೆದರೆ ದಾರಿ ಹೋಗುತ್ತದೆ, ದಾರಿಯ ಜೊತೆಗೆ ಅದರಲ್ಲಿರುವ ನಲವತ್ತು ಹೆಜ್ಜೆಯೂ ಹೋಗುತ್ತದೆ. ಹೇಳಬೇಕಾದದ್ದು ಆ ನಲವತ್ತು ಹೆಜ್ಜೆಯ ವಿಷಯವನ್ನೇ. ಆದರೆ ಸ್ವಲ್ಪ ಸುತ್ತಿ ಬರುತ್ತೇನೆ, ನೇರ ಹೋಗಲು ಆಗುತ್ತಿಲ್ಲ.

ನಿಮ್ಮ ಕಾಲದಲ್ಲಿ ಈ ದಾರಿ ಹೊಸದು. ರೈಲು ನಿಂತ ಮೇಲೆ ಹಳಿ ಕಿತ್ತು, ಸುಣ್ಣಕಲ್ಲಿನ ಗರಸು ಹಾಸಿ, ಇಲ್ಲಿ ಮೋಟಾರು ಬರುವಂತಿಲ್ಲ ಎಂದು ಬೋರ್ಡು ನೆಟ್ಟವರು ನೀವು. ರಜೆಯಲ್ಲಿ ಬಂದು, ಸೈಕಲ್ಲಿಗೆ ಎರಡು ಚೀಲ ಕಟ್ಟಿ, ಬಿಳಿ ಹಸುಗಳನ್ನೂ ಕಿಟಕಿ ಮುಚ್ಚಿದ ಹಳ್ಳಿಗಳನ್ನೂ ನೋಡುತ್ತ, ಎಲ್ಲೋ ಒಂದು ವಾಲ್ನಟ್ ಮರದ ನೆರಳಿನಲ್ಲಿ ಬ್ರೆಡ್ಡು ತಿಂದು ಹೋದವರು ನೀವು. ನಿಮಗೆ ಇದು ಸುಖದ ದಾರಿ. ನಮಗೆ ಇರುವುದೇ ಇದೊಂದು. ಡಾಂಬರು ರಸ್ತೆಗಳು ಬಿಸಿಲಿಗೆ ಕರಗಿದವು, ಮತ್ತೆ ಬಿರಿದವು, ಮುಳ್ಳುಕಂಟಿಯ ಅಡಿಗೆ ಹೋದವು. ಮೋಟಾರುಗಳನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ನೀವು ಹವ್ಯಾಸಕ್ಕೆಂದು ಬಿಟ್ಟಿದ್ದ ಗರಸಿನ ದಾರಿ, ಎರಡು ಮಾರು ಅಗಲದ್ದು, ಏರು ಕಡಿಮೆಯಿದ್ದದ್ದು, ಅದೊಂದು ಉಳಿಯಿತು. ಅದನ್ನು ಕಾಯಲು ಹಳ್ಳಿಗಳಲ್ಲಿ ಜನವಿರಲಿಲ್ಲ. ಕಲ್ಲು ಬಲ್ಲವರು ಬೇಕೆಂದು ದೇಶದೇಶಗಳಿಗೆ ಹೇಳಿಕಳಿಸಿದಾಗ ಇಳಕಲ್ಲು, ಕುಷ್ಟಗಿ ಕಡೆಯಿಂದ ಹೊರಟು ಬಂದ ಹದಿನೆಂಟು ಮನೆಯವರು ನಮ್ಮ ಹಿರಿಯರು. ಕೆಂಪು ಕಲ್ಲು ಒಡೆದ ಕೈಗೆ ಇಲ್ಲಿಯ ಬಿಳಿ ಸುಣ್ಣಕಲ್ಲು ಬೆಣ್ಣೆಯ ಹಾಗಿತ್ತಂತೆ. ಮುತ್ತಜ್ಜ ಅದನ್ನು ಕಲ್ಲು ಎಂದು ಒಪ್ಪಲೇ ಇಲ್ಲವಂತೆ, ಸಾಯುವವರೆಗೂ 'ಆ ಹಿಟ್ಟು' ಎಂದೇ ಕರೆದನಂತೆ.

ಈಗ ಬ್ರೆಡ್ಡು ಬರುವುದು ಈ ದಾರಿಯಲ್ಲಿ. ಅಂಚೆ, ಡಾಕ್ಟರು, ಹಾಲಿನ ಕ್ಯಾನು, ಮದುಮಕ್ಕಳು, ಹೆಣ, ಎಲ್ಲವೂ ಇದರಲ್ಲೇ. ಭಾರ ಹೊರುವ ಉದ್ದನೆಯ ಸೈಕಲ್ಲಿಗೆ ಮುಂದೆ ತೊಟ್ಟಿಲಿನಂಥ ಪೆಟ್ಟಿಗೆ ಇರುತ್ತದೆ, ತೊಟ್ಟಿಲುಗಾಡಿ ಎನ್ನುತ್ತೇವೆ. ಅದಕ್ಕೆ ಗುಂಡಿಯಿಲ್ಲದ ನೆಲ ಬೇಕು. ನಮ್ಮ ಕೆಲಸ ಇಷ್ಟೇ: ಮಧ್ಯೆ ಉಬ್ಬು, ಎರಡೂ ಅಂಚಿಗೆ ಇಳಿಜಾರು ಇರುವಂತೆ ಗರಸು ಎಳೆಯುವುದು, ಮುಳ್ಳುಕಂಟಿ ಕತ್ತರಿಸುವುದು, ದಾರಿಯ ಅಡಿಯ ಮೋರಿಗಳಲ್ಲಿ ಎಲೆ ಕಟ್ಟಿಕೊಳ್ಳದಂತೆ ನೋಡುವುದು. ಉದ್ದ ಹಿಡಿಗೆ ಕಬ್ಬಿಣದ ಹಲ್ಲು ಕೂರಿಸಿದ ಹಲ್ಲುಗೋಲು ಹುಲಿಗೆವ್ವನ ಕೈಯಲ್ಲಿ, ಸನಿಕೆ ನನ್ನ ಕೈಯಲ್ಲಿ. ಮಧ್ಯಾಹ್ನ ಹಳೆಯ ಸ್ಟೇಷನ್ನಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಬೆರಿ ಸೀಮೆಯಲ್ಲಿ ಈಗ ಜೋಳ ಚೆನ್ನಾಗಿ ಬರುತ್ತದೆ. ರೊಟ್ಟಿಯ ಮೇಲೆ ಇಲ್ಲಿಯ ಆಡಿನ ಚೀಸು ಸವರಿ, ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿ ಸುರುಳಿ ಮಾಡಿ ಕೊಡುತ್ತಿದ್ದಳು. ಹಳ್ಳಿಯ ಫ್ರೆಂಚರು ಮೊದಮೊದಲು ಮೂಗು ಮುರಿದರು, ಈಗ ಅವರ ಮನೆಗಳಲ್ಲೂ ಅದೇ.

ಸುತ್ತುವುದು ಸಾಕು. ನಮ್ಮ ಜನರ ಒಂದು ಚಾಳಿ ನಿಮಗೆ ಗೊತ್ತಾಗಬೇಕು. ಮುತ್ತಜ್ಜ ಸೈಕಲ್ ಕಲಿತದ್ದು ಊರ ಪಕ್ಕದ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ಅಂಗಿ ಸವರಿಕೊಂಡು ಹೋಗುವ ಜಾಗದಲ್ಲಿ. ಗಂಡ ಮುಂದೆ, ಹೆಂಡತಿ ಹಿಂದೆ, ಇಬ್ಬರೂ ಅಂಚಿಗೆ ಅಂಟಿಕೊಂಡು ಹೋಗಬೇಕು, ತಿರುಗಿ ನೋಡಬಾರದು. ಬದುಕಬೇಕಾದರೆ ಹಾಗೆ. ಅವನು ಮಗನಿಗೆ ಹಾಗೇ ಕಲಿಸಿದ, ಮಗ ತನ್ನ ಮಗನಿಗೆ, ನನ್ನ ಅಪ್ಪ ನನಗೆ. ಇಲ್ಲಿ ವಾಹನವೇ ಇಲ್ಲ, ನಾವು ಮಾತ್ರ ಈಗಲೂ ಹಾಗೇ ಹೋಗುತ್ತೇವೆ. ಹಳ್ಳಿಯವರು ಮೂವರು ನಾಲ್ವರು ಅಡ್ಡಡ್ಡ ಸಾಲಾಗಿ ಹರಟುತ್ತ ಬಂದರೆ, ಕನ್ನಡದವರು ಒಬ್ಬರ ಬೆನ್ನಿಗೆ ಒಬ್ಬರು. ನಮಗೆ ಅವರು ಇಟ್ಟ ಹೆಸರು ಇರುವೆಗಳು ಎಂದು. ಮದುವೆಯಾದ ಹೊಸದರಿಂದ ಹುಲಿಗೆವ್ವ ಹಿಂದಿನಿಂದ ಕೂಗುತ್ತಿದ್ದಳು.

"ಬಾಜೂಕ ಬರ್ರೀ ಒಂದೀಟು. ನಿಮ್ಮ ಬೆನ್ನ ನೋಡಿ ನೋಡಿ ಸಾಕಾತು ನನಗ."

"ಹಿಂದಿಂದ ಲಾರಿ ಬಂದ್ರ ಏನ ಮಾಡ್ತಿ?" ಎನ್ನುತ್ತಿದ್ದೆ ನಾನು.

"ಬರ್ಲಿ ಬಿಡ್ರಿ. ನೂರು ವರ್ಷಾತು, ಒಂದೂ ಬಂದಿಲ್ಲ. ಬಂದ್ರ ಆರತಿ ಎತ್ತಿ ಕರಕೊಳ್ಳೂಣು."

ನಗೆಯಾಡುತ್ತಿದ್ದಳು, ನಾನೂ ನಗುತ್ತಿದ್ದೆ. ಆದರೆ ಪಕ್ಕಕ್ಕೆ ಹೋಗಲಿಲ್ಲ. ಮೂವತ್ತಾರು ವರ್ಷ. ಅವಳು ಸೈಕಲ್ ತುಳಿಯುವಾಗ ಹೇಗೆ ಕಾಣುತ್ತಿದ್ದಳು ಎಂದು ನೀವು ಕೇಳಿದರೆ ನಾನು ಹೇಳಲಾರೆ. ಹನ್ನೊಂದು ಕಿಲೋಮೀಟರಿನ ಒಂದೊಂದು ಕಲ್ಲಿನ ಗುರುತು ಹೇಳುತ್ತೇನೆ, ಅದೊಂದು ಹೇಳಲಾರೆ.

ಅವಳು ಹೋದದ್ದು ಏಪ್ರಿಲ್ ತಿಂಗಳಲ್ಲಿ. ಓಕ್ ಮರಗಳ ತಿರುವಿನಲ್ಲಿ ಬೆಳಿಗ್ಗೆಯಿಂದ ಹೊಸ ಗರಸು ಹಾಸಿ, ನೀರು ಚಿಮುಕಿಸಿ, ಉರುಳುಗಲ್ಲು ಎಳೆದೆವು. ಸುಣ್ಣಕಲ್ಲಿನ ಪುಡಿ ಒದ್ದೆಯಿದ್ದಾಗ ಹಸಿ ಮಣ್ಣಿನಂತಿರುತ್ತದೆ, ಒಂದು ಬಿಸಿಲು ಬಿದ್ದರೆ ಗಾರೆ. ಆದ್ದರಿಂದ ಹೊಸದಾಗಿ ಹಾಸಿದ ಕಡೆ ದಾರಿ ಕಾಯುವವರು ಯಾರೂ ಸೈಕಲ್ ಇಳಿಸುವುದಿಲ್ಲ, ಅಂಚಿನ ಹುಲ್ಲಿನ ಮೇಲೆ ಹೋಗುತ್ತೇವೆ. ಅದು ಎಳೆಯ ಮಕ್ಕಳಿಗೂ ಗೊತ್ತು. ಸಂಜೆಯ ಮೊದಲು ಮನೆಗೆ ಹೊರಟೆವು, ನಾನು ಮುಂದೆ, ಅವಳು ಹಿಂದೆ. ತಿರುವು ದಾಟಿ ಹಳೆಯ ಗರಸು ಬಂದ ಮೇಲೆ ಚಕ್ರದ ಸದ್ದು ಜೋರಾಯಿತು. ಗರಸಿನ ಮೇಲೆ ಹೋಗುವವನಿಗೆ ತನ್ನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಒಂದು ಕಿಲೋಮೀಟರು ಹಾಗೇ ಹೋದೆ. ಮನೆ ಮುಟ್ಟಿ, ಸೈಕಲ್ ಒರಗಿಸಿ, ಕೈಕಾಲು ತೊಳೆದೆ. ಎಲ್ಲಿ ಮಾತಿಗೆ ನಿಂತಳೋ ಎಂದು ಬೈದುಕೊಂಡೆ. ಒಲೆಯೂ ಹೊತ್ತಿಸಿದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಸಿವಾಗಿತ್ತು, ಒಲೆ ಹೊತ್ತಿಸಿದೆ. ಆಮೇಲೆ ಮನಸ್ಸು ತಡೆಯದೆ ತಿರುಗಿ ಹೋದೆ. ತಿರುವಿನಲ್ಲಿ ಪಕ್ಕದ ಪಾಲಿನ ಫಕೀರಣ್ಣ ದಾರಿಯ ಮೇಲೆ ಕುಳಿತಿದ್ದ. ಅವನು ಮೇಲಿನ ದಿಬ್ಬದಲ್ಲಿ ಕಂಟಿ ಕಡಿಯುತ್ತಿದ್ದವನು ಓಡಿ ಇಳಿದಿದ್ದ. ಅವಳ ತಲೆ ಅವನ ತೊಡೆಯ ಮೇಲಿತ್ತು. ಎದೆ ನಿಂತಿತ್ತು. ಪಕ್ಕದಲ್ಲೇ ಇದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಪಕ್ಕದಲ್ಲಿರದವರಿಗೆ ಡಾಕ್ಟರುಗಳು ಹೇಳುವುದು ಅದನ್ನೇ ಇರಬೇಕು.

ಮೂರನೆಯ ದಿನ, ಮಣ್ಣು ಮಾಡಿ ಬಂದ ಮೇಲೆ, ಬಿಸಿಲಿಗೆ ಗಟ್ಟಿಯಾದ ಹೊಸ ಗರಸಿನ ಮೇಲೆ ಒಂದು ಚಕ್ರದ ಗೆರೆ ಕಂಡಿತು. ಅದು ಅಂಚಿನ ಹುಲ್ಲಿನಿಂದ ಹೊರಟು ದಾರಿಯ ನಡುವೆ ಬಂದು, ಅಲ್ಲಿಂದ ಹಾವು ಹೋದಂತೆ ಅತ್ತಿತ್ತ ಹೊರಳುತ್ತ ನಲವತ್ತು ಹೆಜ್ಜೆ ಹೋಗಿ, ಮುಗಿಯುತ್ತದೆ. ಹಸಿ ಗರಸಿನ ಮೇಲೆ ಹುಲಿಗೆವ್ವ ಸೈಕಲ್ ಇಳಿಸಿದ್ದಳು! ಜನ್ಮದಲ್ಲಿ ಮಾಡದ ತಪ್ಪು ಅದು. ನನಗೆ ತಿಳಿದದ್ದು ಒಂದೇ ಅರ್ಥ: ಎದೆ ಹಿಡಿದಿದೆ, ಕಣ್ಣು ಕತ್ತಲಾಗಿದೆ, ಕೈ ಹಿಡಿತಕ್ಕೆ ಸಿಕ್ಕಿಲ್ಲ, ನಲವತ್ತು ಹೆಜ್ಜೆ ಒದ್ದಾಡಿದ್ದಾಳೆ. ಅಷ್ಟು ಹೊತ್ತು ನಾನು ಮುಂದೆ ಹೋಗುತ್ತಲೇ ಇದ್ದೆ. ಅಂದೇ ನಾಲ್ಕು ಗೂಟ ಹೊಡೆದು ಸುತ್ತ ಹಗ್ಗ ಕಟ್ಟಿದೆ. ಮಳೆ ಬಂದಾಗ ತಾಡಪತ್ರಿ ಹೊದಿಸಿದೆ. ಹೋಗಿಬರುವವರು ಅಂಚಿನಿಂದ ದಾಟಿದರು, ಯಾರೂ ಒಂದು ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಆ ಗೆರೆಯ ಪಕ್ಕದಲ್ಲಿ ನಡೆಯುತ್ತಿದ್ದೆ, ಮೊದಲ ಹೆಜ್ಜೆಯಿಂದ ನಲವತ್ತರವರೆಗೆ. ಪಕ್ಕದಲ್ಲಿ ಎಂದು ಬರೆದೆನಲ್ಲ, ಹೌದು, ಆಗ ಪಕ್ಕದಲ್ಲೇ.

ಆ ನಲವತ್ತು ಹೆಜ್ಜೆಯ ಅಡಿಯಲ್ಲೇ ಒಂದು ಮೋರಿಯಿದೆ. ಅದನ್ನು ಶುಚಿ ಮಾಡಬೇಕಾದರೆ ಮೇಲಿನಿಂದ ಅಗೆಯಬೇಕು. ಅಗೆಯಲಿಲ್ಲ. ಎರಡು ಚಳಿಗಾಲದ ಎಲೆ ಕೂತು ನೀರು ಒಳಗೊಳಗೇ ಅಂಚನ್ನು ತಿಂದಿತು. ಈ ಜೂನ್ ತಿಂಗಳಿನಲ್ಲಿ ಬ್ರೆಡ್ಡಿನ ಸೋಲೀನ್, ಐವತ್ತು ದಾಟಿದ ಹೆಂಗಸು, ನಾಲ್ಕು ಹಳ್ಳಿಗೆ ಬ್ರೆಡ್ಡು ಮಾಡಿ ಮುಟ್ಟಿಸುವವಳು, ತೊಟ್ಟಿಲುಗಾಡಿಯಲ್ಲಿ ಬಂದಳು. ಹಗ್ಗ ತಾಗಬಾರದೆಂದು ಪೂರಾ ಅಂಚಿಗೆ ಸರಿದಳು. ಅಂಚು ಕುಸಿಯಿತು. ಗಾಡಿ ಸಮೇತ ಹಳ್ಳಕ್ಕೆ ಬಿದ್ದು ಬಲಗೈ ಎರಡು ಕಡೆ ಮುರಿಯಿತು. ನಾನು ಓಡಿಹೋದಾಗ ಕೆಸರಿನಲ್ಲಿ ಕೂತುಕೊಂಡು, ನಮ್ಮವರಿಂದ ಕಲಿತ ಕನ್ನಡದಲ್ಲಿ ನನಗೇ ಸಮಾಧಾನ ಹೇಳಿದಳು.

"ಅಳಬ್ಯಾಡ ಯಮನೂರಪ್ಪ. ಕೈ ಅಷ್ಟ ಮುರದೈತಿ, ಬ್ರೆಡ್ಡು ನೆಟ್ಟಗದಾವು. ಹುಲಿಗೆವ್ವನ ಹಗ್ಗ ನಾ ಮುಟ್ಟಿಲ್ಲ, ನೋಡು ಬೇಕಾದ್ರ."

ಬೈದಿದ್ದರೆ ಒಳ್ಳೆಯದಿತ್ತು. ಆ ಕೈಗೆ ಇನ್ನು ಕಣಕ ನಾದುವ ಶಕ್ತಿ ಬರುವುದಿಲ್ಲ ಎನ್ನುತ್ತಾರೆ.

ಮಾರನೆಯ ದಿನ ಫಕೀರಣ್ಣ ಬಂದ. ಎಂಬತ್ತರ ಹತ್ತಿರದ ಮನುಷ್ಯ, ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಯಮನೂರಾ, ನೀ ಹಗ್ಗ ಕಟ್ಟೀದಿ, ನಾವ್ಯಾರೂ ಒಂದ ಮಾತ ಅನ್ನಲಿಲ್ಲ. ಆದ್ರ ನೀರಿಗೆ ಹಗ್ಗ ತಿಳೀತೈತೇನಪಾ?"

ನನಗೆ ಸಿಟ್ಟು ಬಂತು. ನನ್ನ ಹೆಂಡತಿ ಒದ್ದಾಡಿ ಸತ್ತ ಗುರುತು ಅದು, ನೀನು ಅದರ ಮೇಲೆ ಹಲ್ಲುಗೋಲು ಎಳೆ ಎನ್ನುತ್ತೀಯಾ ಎಂದು ಕೂಗಿದೆ. ಫಕೀರಣ್ಣ ಹೊಸ್ತಿಲ ಮೇಲೆ ಕುಳಿತ.

"ಆಕಿ ಒದ್ದಾಡಲಿಲ್ಲೋ ತಮ್ಮಾ," ಎಂದ. "ನಾ ದಿಬ್ಬದ ಮ್ಯಾಲಿಂದ ನೋಡಾಕತ್ತಿದ್ದೆ. ಹುಲ್ಲು ಬಿಟ್ಟು ಹಸಿ ಗರಸಿಗೆ ಇಳದ್ಲು, ನಿನ್ನ ದಾಟಾಕ. ಎದ್ದು ನಿಂತು ತುಳೀತಿದ್ಲು, ಸಣ್ಣ ಹುಡುಗಿ ಹಂಗ. ನಗಿಗೆ ಹ್ಯಾಂಡಲ್ ಅತ್ತಾಗೊಮ್ಮೆ ಇತ್ತಾಗೊಮ್ಮೆ ಹೊಂಟಿತ್ತು. 'ಲಾರಿ ಬಂತ್ರೀ, ಬಾಜೂಕ ಸರೀರಿ!' ಅಂತ ಒದರಿದ್ಲು. ನನಗ ದಿಬ್ಬದ ತನಕ ಕೇಳಿಸ್ತು. ನಿನಗ ಕೇಳಸಲಿಲ್ಲ. ಮತ್ತೊಮ್ಮೆ ಒದರಿದ್ಲು. ಆಮ್ಯಾಗ ಬಿದ್ಲು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕರದಿದ್ಲು ಅಂತ ಗೊತ್ತಾದ್ರ ನೀ ಉಳೀತಿದ್ದಿಲ್ಲ," ಎಂದ.

ಎರಡು ವರ್ಷ ನಾನು ಅವಳ ನೋವನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾದದ್ದು ಅವಳ ನಗುವನ್ನು. ಇದು ಸಮಾಧಾನದ ಮಾತು ಎಂದು ಜನ ಹೇಳುತ್ತಾರೆ, ನನಗಿನ್ನೂ ಸಮಾಧಾನವಾಗಿಲ್ಲ. ನೋವಾಗಿದ್ದರೆ ನನ್ನ ಪಾಲಿಗೆ ಕನಿಕರವಾದರೂ ಇತ್ತು. ಈಗ ಒಂದು ಹರಟೆಗೆ ಬಂದವಳನ್ನು ಬಿಟ್ಟು ಮುಂದೆ ಹೋದವನು ನಾನು. ಒಮ್ಮೆ ತಿರುಗಿ ನೋಡಿದ್ದರೆ ಅವಳು ಸೈಕಲ್ ತುಳಿಯುವುದು ಕಾಣುತ್ತಿತ್ತು. ಬದುಕಿಸಲು ಆಗುತ್ತಿರಲಿಲ್ಲ, ನೋಡಲು ಆಗುತ್ತಿತ್ತು.

ಸುಡುತಿಂಗಳು ಇನ್ನು ನಾಲ್ಕು ದಿನಕ್ಕೆ ಮುಗಿಯುತ್ತದೆ. ದಾರಿ ತೆರೆದ ಬೆಳಿಗ್ಗೆಯೇ ಬ್ರೆಡ್ಡು, ಔಷಧಿ, ಶಾಲೆಯ ಮಕ್ಕಳು ಎಲ್ಲ ಆ ತಿರುವಿನಲ್ಲಿ ಬರುತ್ತಾರೆ. ಪಾಲು ವಹಿಸಿಕೊಳ್ಳುವ ಹೊಸ ಜೋಡಿ ನಿನ್ನೆ ನಸುಕಿನಲ್ಲಿ ಬಂದಿದೆ, ನಮ್ಮ ಕನ್ನಡದವರ ಹುಡುಗಿ ರೇಣವ್ವ ಮತ್ತು ಅವಳ ಗಂಡ ಮಾತ್ಯೂ. ಅವನು ಈ ಸೀಮೆಯವನೇ, ರೊಟ್ಟಿ ಬಡಿಯಲು ಅವಳಿಗಿಂತ ಚೆನ್ನಾಗಿ ಬಲ್ಲ. ರೇಣವ್ವ ಹಗ್ಗದ ಹತ್ತಿರ ಚಪ್ಪಲಿ ಬಿಟ್ಟು ನಿಂತಳು.

"ಕಾಕಾ, ಹೊಲದಾಗ ಒಂದ ಸುತ್ತುದಾರಿ ಮಾಡೂಣು," ಎಂದಳು. "ಎರಡ ವಾರದ ಕೆಲಸ. ಇದು ಇಲ್ಲೇ ಇರಲಿ."

ಒಳ್ಳೆಯ ಮನಸ್ಸಿನ ಹುಡುಗಿ. ಒಂದು ಗಳಿಗೆ ನಾನು ಹೂಂ ಎನ್ನುವವನಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಹೊಲದ ಮಣ್ಣು ಮೆತ್ತಗೆ, ತೊಟ್ಟಿಲುಗಾಡಿ ಹೂಳುತ್ತದೆ. ಇನ್ನೊಬ್ಬರು ಬೀಳುತ್ತಾರೆ. ಬೇಡವ್ವ ಎಂದೆ. ನಾಳೆ ಬೆಳಕು ಹರಿಯುವ ಹೊತ್ತಿಗೆ ಹಗ್ಗ ನಾನೇ ಬಿಚ್ಚುತ್ತೇನೆ. ಹಲ್ಲುಗೋಲು ನಾನೇ ಎಳೆಯುತ್ತೇನೆ, ಆ ಕೆಲಸದಲ್ಲಿ ನನ್ನ ಕೈ ಅಷ್ಟು ನಯವಿಲ್ಲ, ಆದರೂ. ಮೋರಿ ತೋಡಿ, ಅಂಚು ಕಟ್ಟಿ, ಹೊಸ ಗರಸು ಹಾಸುವುದು ಅವರಿಬ್ಬರ ಕೆಲಸ. ಆಮೇಲೆ ಈ ಓಲೆ ಕಚೇರಿಗೆ ಕೊಟ್ಟು ಸೋಲೀನಳ ಊರಿಗೆ ಹೋಗುತ್ತೇನೆ. ಅವಳಿಗೆ ನಾದುವ ಎರಡು ಕೈ ಬೇಕು, ನನ್ನ ಹತ್ತಿರ ಇವೆ. ಬ್ರೆಡ್ಡು ಮಾಡಿದವನಲ್ಲ, ಕಲಿಯುತ್ತೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. 'ಐ ಬೆಗ್ ಟು ರಿಕ್ವೆಸ್ಟ್' ಎಂದು ಬರೆಯಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು, ಅದರ ಮುಂದಿನದು ಮರೆತಿದೆ. ನೀವು ನಿಮ್ಮ ರಜೆಯಲ್ಲಿ, ನಿಮ್ಮ ತಂಪು ಜುಲೈ ತಿಂಗಳಿನಲ್ಲಿ, ಯಾವುದಾದರೂ ಗರಸಿನ ದಾರಿಯಲ್ಲಿ ನಿಮ್ಮವರ ಜೊತೆ ಹೋಗುತ್ತಿರುತ್ತೀರಿ. ಮುಂದೆ ದಾರಿ ಖಾಲಿ ಇರುತ್ತದೆ, ಕಾಲಿಗೆ ಒಳ್ಳೆಯ ಓಟ ಸಿಕ್ಕಿರುತ್ತದೆ. ಆಗ ಹಿಂದಿನಿಂದ ಯಾರೋ ಏನೋ ಅಂದಂತೆ ಅನ್ನಿಸಿದರೆ, ಅದು ಏನೂ ಇರಲಿಕ್ಕಿಲ್ಲ ಎಂದುಕೊಂಡರೂ ಸರಿ, ತುಳಿಯುವುದನ್ನು ನಿಲ್ಲಿಸಿ. ಹೋಗುತ್ತ ಹೋಗುತ್ತ ಕಿವಿಗೊಟ್ಟರೆ ಆಗುವುದಿಲ್ಲ. ಪೂರಾ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಇಡಿ. ಚಕ್ರ ನಿಂತ ಮೇಲೆ ಗರಸು ಸುಮ್ಮನಾಗುತ್ತದೆ. ಆಮೇಲೆ ತಿರುಗಿ ನೋಡಿ, ಅವರು ಬಂದು ಸೇರುವವರೆಗೆ ನೋಡುತ್ತ ನಿಂತಿರಿ.

ಯಮನೂರಪ್ಪ